ಅಂಗಳದ ಕೊಳ, ನೆಲದಡಿಯ ಅಗ್ನಿ

ಮರುಭೂಮಿಯ ನಾಡಿನಲ್ಲಿ ನೀರು ಕಾಯಿಸುವುದಕ್ಕೆ ಯಂತ್ರವೊಂದು ಬೇಕಾಗುತ್ತದೆಂಬ ಮಾತು, ಆ ನಾಡನ್ನು ಜೂನ್ ಜುಲೈ ತಿಂಗಳುಗಳ ಬೇಗೆಯ ವಾರ್ತೆಗಳಿಂದ ಮಾತ್ರ ಬಲ್ಲ ನಮ್ಮವರಿಗೆ ಸೋಜಿಗವಾಗಿ ಕಾಣುವುದು ಸಹಜ. ಆದರೆ ಅಬುಧಾಬಿಯ ದ್ವೀಪನಗರವನ್ನು ಹಿಂದೆ ಬಿಟ್ಟು ಬಂದರೆ ಅಲ್ ಐನಿನ ಹೆದ್ದಾರಿಯ ಮಗ್ಗುಲಲ್ಲಿ ಹಬ್ಬಿರುವ ಬನಿಯಾಸ್ ಎಂಬ ವಸತಿಪ್ರದೇಶದಲ್ಲಿ ಒಂದು ಚಳಿಗಾಲವನ್ನು ಕಳೆದವರು ಹಾಗೆ ಹೇಳಲಾರರು. ಸಮುದ್ರದ ಸಾಮೀಪ್ಯ ತಪ್ಪಿ ಮರಳ ಬಯಲಿಗೆ ಮುಖಮಾಡಿರುವ ಈ ಊರಿನಲ್ಲಿ ಜನವರಿಯ ಹಗಲು 24–25 ಡಿಗ್ರಿಯ ಹಿತವಾದ ಬಿಸಿಲನ್ನು ಕೊಟ್ಟರೂ ಇರುಳು 12–13 ಡಿಗ್ರಿಗೆ ಇಳಿಯುತ್ತದೆ; ವಾಯವ್ಯದ ಶಮಾಲ್ ಗಾಳಿ ಒಂದೆರಡು ದಿನ ಎಡೆಬಿಡದೆ ಬೀಸಿತೆಂದರೆ ವಿಲ್ಲಾಗಳ ಅಂಗಳದಲ್ಲಿರುವ ಈಜುಕೊಳಗಳ ನೀರು 20 ಡಿಗ್ರಿಯ ಆಸುಪಾಸಿಗೆ ತಣಿದು, ಇಳಿಯಬಂದ ಮಕ್ಕಳು ಪಾದವಿಟ್ಟೊಡನೆ ಹಿಂದೆಗೆಯುವಂತಾಗುತ್ತದೆ. ಆಗಸ್ಟಿನಲ್ಲಿ 35 ಡಿಗ್ರಿಯನ್ನು ಮೀರಿ ಚಿಲ್ಲರ್ ಯಂತ್ರದ ಆಶ್ರಯವನ್ನು ಬೇಡುತ್ತಿದ್ದ ನೀರು, ಐದು ತಿಂಗಳು ಕಳೆಯುವಷ್ಟರಲ್ಲಿ ಅಗ್ನಿಯನ್ನು ಬೇಡುವ ಸ್ಥಿತಿಗೆ ಬಂದಿರುತ್ತದೆ.

ಅಬುಧಾಬಿಯ ಅಲ್ ನಹ್ಯಾನ್, ದುಬೈಯ ಅಲ್ ಮಕ್ತೂಮ್ ಎಂಬ ಎರಡು ಅರಸುಮನೆತನಗಳನ್ನೂ ಕೊಟ್ಟ ಬನಿ ಯಾಸ್ ಬುಡಕಟ್ಟುಗಳ ಒಕ್ಕೂಟದ ಹೆಸರನ್ನು ಹೊತ್ತಿರುವ ಊರಿದು. ಇದೇ ಎಮಿರೇಟಿನ ಅಲ್ ಐನಿನಲ್ಲಿ, ಜಬಲ್ ಹಫೀತ್ ಗಿರಿಯ ಪಾದದ ಮುಬಜ್ಜರಾ ಎಂಬಲ್ಲಿ, ನಮ್ಮ ಪುತ್ತೂರಿನ ಸಮೀಪ ಇರ್ದೆಯ ಬೆಂದ್ರು ತೀರ್ಥದಲ್ಲಿರುವಂತೆಯೇ, ಭೂಗರ್ಭದಿಂದ ಬಿಸಿನೀರು ತಾನಾಗಿಯೇ ಹೊರಹೊಮ್ಮುತ್ತದೆ. ಪ್ರಕೃತಿಯ ಈ ಅನುಗ್ರಹವಿಲ್ಲದ ಬನಿಯಾಸಿನಲ್ಲಿ ನೀರನ್ನು ಮನುಷ್ಯನೇ ಕಾಯಿಸಬೇಕು. ಹಾಗೆ ಕಾಯಿಸುವ ಯಂತ್ರಗಳನ್ನು ಕೂಡಿಸುವವರಲ್ಲಿ, ಕೆಟ್ಟಾಗ ಬಿಚ್ಚಿ ನೋಡುವವರಲ್ಲಿ, ಉಡುಪಿ, ಕುಂದಾಪುರ, ಮಂಗಳೂರು, ಭಟ್ಕಳಗಳ ಕಡೆಯಿಂದ ಐಟಿಐ ಮುಗಿಸಿ ಬಂದ ತರುಣರೂ ಇದ್ದಾರೆ. ಈ ಲೇಖನ ಮುಖ್ಯವಾಗಿ ಅವರನ್ನೂ, ಅವರನ್ನು ಕೆಲಸಕ್ಕೆ ಕರೆಯುವ ಮನೆಗಳವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಗ್ಯಾಸ್ ಹೀಟರ್ ಯಾವ ಕೆಲಸಕ್ಕೆ ತಕ್ಕುದು, ಯಾವುದಕ್ಕೆ ತಕ್ಕುದಲ್ಲ ಎಂಬುದನ್ನು ಗಣಿತವೇ ಹೇಳಿಬಿಡುತ್ತದೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳವಿರುವ ಒಂದು ಸಾಧಾರಣ ಕೊಳದಲ್ಲಿ ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಒಂದೇ ಒಂದು ಡಿಗ್ರಿ ಬಿಸಿಮಾಡಲು 52 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಅನಿಲವನ್ನು ಉರಿಸಿ ಪಡೆಯುವುದಾದರೆ, ಚಿಮಣಿಯಲ್ಲಿ ಕಳೆದುಹೋಗುವ ಪಾಲನ್ನೂ ಸೇರಿಸಿ, ಐದು ಕಿಲೋಗ್ರಾಮಿನಷ್ಟು ಎಲ್‌ಪಿಜಿ. ಇಲ್ಲಿಯ ಮನೆಗಳಿಗೆ ಬರುವ 50 ಪೌಂಡಿನ, ಎಂದರೆ ಸುಮಾರು 22 ಕಿಲೋ ಅನಿಲದ ದೊಡ್ಡ ಸಿಲಿಂಡರ್ ಪೂರ್ತಿ ಬರಿದಾದರೂ ಆ ಕೊಳ ಬಿಸಿಯಾಗುವುದು ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು ಮಾತ್ರ. 20ರಿಂದ 28 ಡಿಗ್ರಿಗೆ ಏರಿಸಲು ಎರಡು ಸಿಲಿಂಡರ್‌ಗಳಷ್ಟು ಬೇಕು. ಅಷ್ಟನ್ನು ಸುರಿದ ಮೇಲೂ ಹೊದಿಕೆಯಿಲ್ಲದ ಕೊಳದಿಂದ ಇರುಳಿನಲ್ಲಿ ಆವಿಯಾಗಿ ಹೋಗುವ ಒಂದೊಂದು ಲೀಟರ್ ನೀರೂ, ಉಳಿದ ನೀರಿನಲ್ಲಿ 580 ಲೀಟರನ್ನು ಒಂದು ಡಿಗ್ರಿ ತಣಿಸುವಷ್ಟು ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಆದುದರಿಂದಲೇ ದೊಡ್ಡ ಕೊಳಗಳಿಗೆ, ಒಂದು ಪಾಲು ವಿದ್ಯುತ್ತಿಗೆ ನಾಲ್ಕೈದು ಪಾಲು ಶಾಖವನ್ನು ಗಾಳಿಯಿಂದ ಸೆಳೆದುಕೊಡುವ ಮತ್ತು ಬೇಸಿಗೆಯಲ್ಲಿ ತಂಪನ್ನೂ ಕೊಡಬಲ್ಲ ಹೀಟ್ ಪಂಪ್ ಈ ದೇಶಕ್ಕೆ ಹೆಚ್ಚು ಒಪ್ಪುತ್ತದೆ. ಆದರೆ ಸ್ಪಾ ಎಂದು ಕರೆಯುವ, ನಾಲ್ಕೈದು ಜನ ಕುಳಿತು ಮೈ ಕಾಯಿಸಿಕೊಳ್ಳುವ 1,500 ಲೀಟರಿನ ತೊಟ್ಟಿಯನ್ನು 20ರಿಂದ 38 ಡಿಗ್ರಿಗೆ ತರಲು ಮೂರು ಕಿಲೋ ಅನಿಲ ಸಾಕು. 117 ಕಿಲೋವಾಟ್ ಸಾಮರ್ಥ್ಯದ ಗ್ಯಾಸ್ ಹೀಟರ್ ಆ ಕೆಲಸವನ್ನು ಇಪ್ಪತ್ತು ನಿಮಿಷಗಳಲ್ಲಿ ಮುಗಿಸುತ್ತದೆ. ಸಂಜೆ ಅತಿಥಿಗಳು ಬರುವರೆಂದು ಮಧ್ಯಾಹ್ನ ತಿಳಿದರೂ ಬಿಸಿನೀರು ಸಿದ್ಧವಿರಬೇಕಾದ ಮನೆಗಳಲ್ಲಿ ಗ್ಯಾಸ್ ಹೀಟರಿನ ಸ್ಥಾನ ಇನ್ನೂ ಗಟ್ಟಿಯಾಗಿರುವುದಕ್ಕೆ ಇದೇ ಕಾರಣ.

ಈ ಶೀಘ್ರತೆಯೇ ಮೊದಲ ದೋಷಕ್ಕೂ ಮೂಲವಾಗುತ್ತದೆ. 117 ಕಿಲೋವಾಟಿನ ಹೀಟರ್ ಗಂಟೆಗೆ ಒಂಬತ್ತು ಕಿಲೋ ಅನಿಲವನ್ನು ನುಂಗುತ್ತದೆ. ಸಿಲಿಂಡರಿನೊಳಗೆ ದ್ರವವಾಗಿರುವ ಎಲ್‌ಪಿಜಿ ಅನಿಲವಾಗಬೇಕಾದರೆ ಹೊರಗಣ ಗಾಳಿಯಿಂದ ಶಾಖವನ್ನು ಹೀರಬೇಕಷ್ಟೆ. ಒಂಟಿ ಸಿಲಿಂಡರಿನ ಮೈ ಆ ವೇಗಕ್ಕೆ ಎಂದಿಗೂ ಸಾಲದು. ಹೀಟರ್ ಹೊತ್ತಿಕೊಂಡು, ಕೆಲವು ನಿಮಿಷ ಚೆನ್ನಾಗಿ ಉರಿದು, ಆಮೇಲೆ ಜ್ವಾಲೆ ಕುಗ್ಗಿ ತಾನೇ ಆರಿಹೋಗುತ್ತಿದ್ದರೆ, ಯಂತ್ರದ ಮೇಲೆ ಕೈಯಿಡುವ ಮೊದಲು ಹೊರಗೆ ಹೋಗಿ ಸಿಲಿಂಡರಿನ ಕೆಳಭಾಗವನ್ನು ಮುಟ್ಟಿ ನೋಡತಕ್ಕದ್ದು. ಅಲ್ಲಿ ಮಂಜು ಕಟ್ಟಿದ್ದರೆ ರೋಗ ಬರ್ನರಿನಲ್ಲಿಲ್ಲ, ಹಲವು ಸಿಲಿಂಡರ್‌ಗಳನ್ನು ಒಂದೇ ಕೊಳವೆಗೆ ಜೋಡಿಸದೆ ಮಿತವ್ಯಯ ಮಾಡಿದವರ ಲೆಕ್ಕದಲ್ಲಿದೆ. ಮಂಜು ಕರಗಲೆಂದು ಸಿಲಿಂಡರಿನ ಮೇಲೆ ಕುದಿನೀರು ಸುರಿಯುವುದಾಗಲಿ, ಬೆಂಕಿಯ ಸಮೀಪಕ್ಕೆ ಅದನ್ನು ಸರಿಸುವುದಾಗಲಿ ಕೂಡದು.

ಇನ್ನು, ಬನಿಯಾಸಿನ ವಿಲ್ಲಾಗಳ ಒಂದು ವಿಶೇಷವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅಂಗಳದ ಅಂದ ಕೆಡಬಾರದೆಂದೂ, ಪಂಪಿನ ಸದ್ದು ಅತಿಥಿಗಳನ್ನು ಕೂರಿಸುವ ಮಜ್ಲಿಸಿಗೆ ಕೇಳಬಾರದೆಂದೂ, ಕೊಳದ ಪಕ್ಕದಲ್ಲಿ ನೆಲವನ್ನು ಅಗೆದು, ಕಬ್ಬಿಣದ ಮುಚ್ಚಳವಿಟ್ಟು, ಏಣಿಯಿಂದ ಇಳಿಯುವಂಥ ಪಂಪ್ ರೂಮನ್ನು ಕಟ್ಟುವುದು ಈ ನಾಡಿನಲ್ಲಿ ರೂಢಿಯಾಗಿದೆ. ಫಿಲ್ಟರಿಗೂ ಪಂಪಿಗೂ ಅದು ಯೋಗ್ಯವಾದ ಸ್ಥಳವೇ. ಅಗ್ನಿಗೆ ಮಾತ್ರ ಅದು ಯೋಗ್ಯವಲ್ಲ. ಅನಿಲದ ಹೀಟರನ್ನು ಅಂಥ ಗುಂಡಿಯೊಳಗೆ ಇಳಿಸಿದಾಗ ಮೂರು ಅಪಾಯಗಳು ಒಮ್ಮೆಲೇ ಅದರೊಡನೆ ಇಳಿಯುತ್ತವೆ.

ಮೊದಲನೆಯದು ಗಾಳಿಯ ಅಭಾವ. ಒಂದು ಕಿಲೋ ಎಲ್‌ಪಿಜಿ ಪೂರ್ಣವಾಗಿ ದಹಿಸಬೇಕಾದರೆ ಹದಿಮೂರು ಘನಮೀಟರ್ ಗಾಳಿ ಬೇಕು. ಗಂಟೆಗೆ ಒಂಬತ್ತು ಕಿಲೋ ಉರಿಸುವ ಯಂತ್ರಕ್ಕೆ ಆ ಲೆಕ್ಕದಲ್ಲಿ ನೂರ ಹದಿನೇಳು ಘನಮೀಟರ್. ಉದ್ದ ಅಗಲ ಎತ್ತರಗಳೆಲ್ಲ ಎರಡೆರಡು ಮೀಟರ್ ಇರುವ ಗುಂಡಿಯಲ್ಲಿ ಇರುವ ಗಾಳಿ ಒಟ್ಟು ಎಂಟು ಘನಮೀಟರ್ ಮಾತ್ರ. ಮುಚ್ಚಳ ಮುಚ್ಚಿದ್ದರೆ ನಾಲ್ಕೇ ನಿಮಿಷಗಳಲ್ಲಿ ಅಗ್ನಿಯು ಆ ಕೋಣೆಯ ಗಾಳಿಯನ್ನೆಲ್ಲ ಬಳಸಿ ಮುಗಿಸಿಬಿಡುತ್ತದೆ. ಆಮೇಲೆ ಉರಿಯುವುದು ಅರೆಬೆಂದ ಉರಿ. ಅದರಿಂದ ಹುಟ್ಟುವುದು ಮಸಿ ಮತ್ತು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು. ಎರಡನೆಯ ಅಪಾಯ ಅನಿಲದ ಭಾರದಿಂದ ಬರುವಂಥದು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ಚದುರುತ್ತದೆ. ಎಲ್‌ಪಿಜಿಯಾದರೋ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದ್ದು ನೆಲವನ್ನು ಹುಡುಕಿಕೊಂಡು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಎರಡಾದರೆ ಸಾಕು, ಪಂಪಿನ ಸ್ವಿಚ್ಚಿನ ಒಂದು ಕಿಡಿಯಿಂದ ಸ್ಫೋಟವಾಗಬಲ್ಲುದು. ಅಬುಧಾಬಿಯ ಖಾಲಿದಿಯಾದಲ್ಲಿ 2022ರ ಮೇ 23ರಂದು ಉಪಾಹಾರಗೃಹವೊಂದರ ಅನಿಲಸ್ಫೋಟದಿಂದ ಇಬ್ಬರು ಪ್ರಾಣ ಕಳೆದುಕೊಂಡು 120 ಮಂದಿ ಗಾಯಗೊಂಡ ದುರಂತವನ್ನು ಈ ಊರಿನವರು ಮರೆತಿಲ್ಲ. ಬೀದಿಗೆ ತೆರೆದ ಕಟ್ಟಡದಲ್ಲಿಯೇ ಅಷ್ಟು ಹಾನಿಯಾಗುವುದಾದರೆ, ಏಣಿಯೊಂದೇ ದಾರಿಯಾಗಿರುವ ಗುಂಡಿಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಅಪಾಯ ಸೂಕ್ಷ್ಮವಾದುದು; ಕೆಲಸ ಬಲ್ಲವರೂ ಕೆಲವೊಮ್ಮೆ ಅದನ್ನು ಗಮನಿಸರು. ನೀರು ಹರಿಯದೆ ಬೆಂಕಿ ಹೊತ್ತಬಾರದೆಂದು ಪ್ರತಿಯೊಂದು ಹೀಟರಿನಲ್ಲಿಯೂ ಪ್ರೆಷರ್ ಸ್ವಿಚ್ ಒಂದಿರುತ್ತದೆ: ಪಂಪು ಓಡಿ ನೀರಿನ ಒತ್ತಡ ಬಂದಾಗ ಅದು ಕೂಡುತ್ತದೆ, ಪಂಪು ನಿಂತರೆ ಬಿಡುತ್ತದೆ. ಹಲವು ಹೀಟರ್‌ಗಳಲ್ಲಿ ಇದನ್ನು ಕಾರ್ಖಾನೆಯಲ್ಲಿ 2 ಪಿಎಸ್‌ಐಗಿಂತ ಕಡಿಮೆ ಒತ್ತಡಕ್ಕೆ ಕೂಡುವಂತೆ ಇಟ್ಟಿರುತ್ತಾರೆ. ಹೀಟರ್ ಕೊಳದ ನೀರಿನ ಮಟ್ಟದಲ್ಲಿಯೇ ನಿಂತಿರುವುದೆಂಬುದು ಆ ಲೆಕ್ಕದ ಆಧಾರ. ಆದರೆ ಒಂದು ಮೀಟರ್ ಎತ್ತರದ ನಿಂತ ನೀರು ತನ್ನ ತೂಕದಿಂದಲೇ 1.4 ಪಿಎಸ್‌ಐ ಒತ್ತಡವನ್ನು ಕೊಡುತ್ತದೆ. ಹೀಟರು ಕೊಳದ ಮಟ್ಟಕ್ಕಿಂತ ಒಂದೂವರೆ ಮೀಟರ್ ಕೆಳಗಿದ್ದರೆ ಅದು 2.1 ಪಿಎಸ್‌ಐ ಆಯಿತು. ಪಂಪು ನಿಂತಿದ್ದರೂ ಸ್ವಿಚ್ಚು ಕೂಡಿಯೇ ಇರುತ್ತದೆ, ನೀರು ಹರಿಯುತ್ತಿದೆಯೆಂದು ಯಂತ್ರ ನಂಬುತ್ತದೆ, ತಾಮ್ರದ ಕೊಳವೆಗಳೊಳಗೆ ನಿಂತಿರುವ ನೀರಿನ ಕೆಳಗೆ ಬೆಂಕಿ ಹೊತ್ತುತ್ತದೆ. ಕೊಳವೆಗಳು ಬಿರಿಯುವುದೂ ಪ್ಲಾಸ್ಟಿಕ್ ಪೈಪುಗಳು ಕರಗಿ ಕೂಡುಗಳಲ್ಲಿ ಕಳಚುವುದೂ ಹೀಗೆಯೇ. ಇದನ್ನು ಪರೀಕ್ಷಿಸುವುದಕ್ಕೆ ಯಾವ ಉಪಕರಣವೂ ಬೇಡ. ಫಿಲ್ಟರ್ ಶುಚಿಯಾಗಿದ್ದು ಹೀಟರ್ ಉರಿಯುತ್ತಿರುವಾಗ ಪಂಪನ್ನು ನಿಲ್ಲಿಸಿ ನೋಡಬೇಕು; ಜ್ವಾಲೆ ಒಡನೆಯೇ ಆರಿದರೆ ಸರಿ, ಆರದಿದ್ದರೆ ಸ್ವಿಚ್ಚಿನ ತಿರುಪನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ, ಪಂಪು ನಿಂತೊಡನೆ ಆರುವಂತೆಯೂ ಓಡಿದೊಡನೆ ಹೊತ್ತುವಂತೆಯೂ ಹೊಂದಿಸಿ, ಮತ್ತೆ ಮತ್ತೆ ಪರೀಕ್ಷಿಸಬೇಕು. ತಿರುಪಿನ ಮಿತಿ ಮುಗಿದರೆ ಹೆಚ್ಚಿನ ಒತ್ತಡದ ಸ್ವಿಚ್ಚನ್ನು, ಇಲ್ಲವೆ ಹರಿವನ್ನೇ ನೇರವಾಗಿ ಅಳೆಯುವ ಫ್ಲೋ ಸ್ವಿಚ್ಚನ್ನು ಹಾಕತಕ್ಕದ್ದು. ಎಲ್ಲಕ್ಕಿಂತ ಮೇಲು, ಅನಿಲದ ಹೀಟರನ್ನು ಗುಂಡಿಯಿಂದ ಮೇಲೆ ತಂದು, ಆಕಾಶದ ಕೆಳಗೆ, ಕಿಟಕಿಗಳಿಂದ ದೂರದಲ್ಲಿ, ಕಾಂಕ್ರೀಟಿನ ಪೀಠವೊಂದರ ಮೇಲೆ ನಿಲ್ಲಿಸುವುದು. ಅಂಗಳದ ಅಂದ ಅದರಿಂದ ತುಸು ಕೆಟ್ಟರೂ ಕೆಡಲಿ.

ಹೀಟರ್ ಹೊತ್ತಿಕೊಳ್ಳುವುದಕ್ಕೆ ಒಂದು ಕ್ರಮವಿದೆ, ದೋಷವನ್ನು ಹುಡುಕುವವನು ಆ ಕ್ರಮವನ್ನೇ ಅನುಸರಿಸಬೇಕು. ನೀರು ತಣ್ಣಗಿದೆಯೆಂದು ಥರ್ಮೋಸ್ಟಾಟ್ ಹೇಳುತ್ತದೆ; ಪ್ರೆಷರ್ ಸ್ವಿಚ್ ನೀರಿದೆಯೆಂದು ಒಪ್ಪುತ್ತದೆ; ಸಾಮಾನ್ಯವಾಗಿ 57 ಡಿಗ್ರಿಯ ಸುತ್ತ ಇಟ್ಟಿರುವ ಹೈ ಲಿಮಿಟ್ ಸ್ವಿಚ್ ನೀರು ಅತಿಯಾಗಿ ಕಾದಿಲ್ಲವೆಂದು ಒಪ್ಪುತ್ತದೆ; ಬ್ಲೋವರ್ ಇರುವ ಯಂತ್ರದಲ್ಲಿ ಗಾಳಿ ಬರುತ್ತಿದೆಯೆಂದು ಮತ್ತೊಂದು ಸ್ವಿಚ್ ಒಪ್ಪುತ್ತದೆ; ಆಮೇಲೆ ಇಗ್ನೈಟರ್ ಕಾಯುತ್ತದೆ ಅಥವಾ ಕಿಡಿಗರೆಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಜ್ವಾಲೆ ನಿಜವಾಗಿ ಹುಟ್ಟಿತೆಂಬುದನ್ನು ಫ್ಲೇಮ್ ಸೆನ್ಸರ್ ಕೆಲವೇ ಕ್ಷಣಗಳಲ್ಲಿ ದೃಢಪಡಿಸದಿದ್ದರೆ ವಾಲ್ವ್ ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಸಾಲಿನಲ್ಲಿ ಯಾವುದು ಒಪ್ಪಿಗೆ ಕೊಡಲಿಲ್ಲವೆಂದು ತಿಳಿದರೆ ಚಿಕಿತ್ಸೆಯ ಅರ್ಧ ಮುಗಿದಂತೆ. ಹೊತ್ತಿಕೊಂಡು ಒಂದೆರಡು ಕ್ಷಣಗಳಲ್ಲಿಯೇ ಆರಿಹೋದರೆ ಸಾಧಾರಣವಾಗಿ ಸೆನ್ಸರಿನ ಕಡ್ಡಿಯ ಮೇಲೆ ಕಿಟ್ಟ ಕಟ್ಟಿರುತ್ತದೆ ಅಥವಾ ಅರ್ಥಿಂಗ್ ತಂತಿ ಸಡಿಲವಾಗಿರುತ್ತದೆ. ನಯವಾದ ಉಜ್ಜುಕಾಗದದಿಂದ ಕಡ್ಡಿಯನ್ನು ಉಜ್ಜಿದರೆ ಸರಿಹೋಗುವ ದೋಷಕ್ಕೆ ಕಂಟ್ರೋಲ್ ಬೋರ್ಡನ್ನೇ ಬದಲಾಯಿಸಿ ಮನೆಯವರಿಂದ ನೂರಾರು ದಿರ್ಹಮ್ ಪಡೆಯುವುದು ಕೆಲಸಕ್ಕೆ ಅಗೌರವ.

ಅತ್ಯಂತ ಹೆಚ್ಚಾಗಿ ಬರುವ ದೂರು, ಹೀಟರ್ ಹಿಡಿಯುವುದೇ ಇಲ್ಲ ಎಂಬುದು. ಹೊಸದಾಗಿ ಬಂದ ಹುಡುಗ ಮೀಟರ್ ಹಿಡಿದು ನೋಡಿ, “ಅಣ್ಣಾ, ಪ್ರೆಷರ್ ಸ್ವಿಚ್ ಹೋಗಿದೆ, ಡೈರೆಕ್ಟ್ ಕೊಡುವಾ?” ಎಂದು ಕೇಳುತ್ತಾನೆ. ಪಳಗಿದ ಹಿರಿಯನಾದರೆ, “ಸ್ವಿಚ್ಚು ಸರಿ ಉಂಟು ಮಾರಾಯ, ನೀರೇ ಬರ್ತಾ ಇಲ್ಲ. ಮೊದಲು ಫಿಲ್ಟರ್ ಬ್ಯಾಕ್‌ವಾಶ್ ಮಾಡು” ಎನ್ನುತ್ತಾನೆ. ಶಮಾಲ್ ಗಾಳಿ ತಂದು ಸುರಿದ ಧೂಳಿನಿಂದ ಮರಳಿನ ಫಿಲ್ಟರ್ ಕಟ್ಟಿಕೊಂಡು, ಗೇಜಿನ ಮುಳ್ಳು ಶುಚಿಯಾಗಿದ್ದಾಗಿನದಕ್ಕಿಂತ ಎಂಟು ಹತ್ತು ಪಿಎಸ್‌ಐ ಮೇಲೇರಿದ್ದಾಗ, ಹೀಟರಿಗೆ ಬರುವ ನೀರು ಸೊರಗಿರುತ್ತದೆ. ಸ್ವಿಚ್ಚು ತನ್ನ ಧರ್ಮವನ್ನು ಪಾಲಿಸಿ ಬೆಂಕಿಯನ್ನು ತಡೆದಿರುತ್ತದೆ. ಅದರ ಎರಡು ತಂತಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ‘ಡೈರೆಕ್ಟ್’ ಮಾಡಿದರೆ ಹೀಟರ್ ಆ ಸಂಜೆ ಉರಿಯುವುದು ನಿಜ, ಅರ್ಬಾಬ್ ಎಂದು ಕರೆಯುವ ಮನೆಯ ಯಜಮಾನ ಸಂತುಷ್ಟನಾಗುವುದೂ ನಿಜ. ಆದರೆ ಆ ತಂತಿಯನ್ನು ತೆಗೆಯಲು ಯಾರೂ ಹಿಂದಿರುಗಿ ಬರುವುದಿಲ್ಲ, ಮುಂದಿನ ಬಾರಿ ನೀರು ನಿಂತಾಗ ಬೆಂಕಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಸುರಕ್ಷಾ ಸ್ವಿಚ್ಚನ್ನು ಪರೀಕ್ಷೆಗೆಂದು ಕ್ಷಣಕಾಲ ಜೋಡಿಸಿ, ಕೈಯಲ್ಲಿ ಹಿಡಿದಂತೆಯೇ ತೆಗೆದುಬಿಡುವುದು ಬೇರೆ. ಜೋಡಿಸಿ ಮುಚ್ಚಳ ಹಾಕಿ ಹೋಗುವುದು ಬೇರೆ. ಎರಡನೆಯದನ್ನು ನಾನು ಅಪರಾಧವೆಂದೇ ಎಣಿಸುತ್ತೇನೆ.

ಅನಿಲದ ಒತ್ತಡವನ್ನು ಹೊಂದಿಸುವುದು ಕಣ್ಣಂದಾಜಿನ ಕೆಲಸವಲ್ಲ. ನೈಸರ್ಗಿಕ ಅನಿಲಕ್ಕಾಗಿ ಮಾಡಿದ ಸಾಧಾರಣ ಬರ್ನರಿನ ಮ್ಯಾನಿಫೋಲ್ಡಿನಲ್ಲಿ ಸುಮಾರು ನಾಲ್ಕು ಅಂಗುಲ ನೀರಿನ ಎತ್ತರದಷ್ಟು ಒತ್ತಡವಿದ್ದರೆ, ಎಲ್‌ಪಿಜಿಗಾಗಿ ಮಾಡಿದುದರಲ್ಲಿ ಹತ್ತು ಹನ್ನೊಂದು ಅಂಗುಲ. ಎಲ್‌ಪಿಜಿಯಲ್ಲಿ ಗಾತ್ರಕ್ಕೆ ಗಾತ್ರ ಎರಡೂವರೆ ಪಟ್ಟು ಶಾಖವಿರುವುದರಿಂದ ಅದರ ಜೆಟ್ಟಿನ ರಂಧ್ರ ತೀರ ಕಿರಿದು. ನೈಸರ್ಗಿಕ ಅನಿಲಕ್ಕೆ ಮಾಡಿದ ಹೀಟರನ್ನು ಜೆಟ್ಟು ಬದಲಾಯಿಸದೆ ಎಲ್‌ಪಿಜಿಗೆ ಜೋಡಿಸಿದರೆ ಜ್ವಾಲೆ ಹಳದಿಯಾಗಿ ನೀಳವಾಗಿ ಎದ್ದು, ಹೀಟ್ ಎಕ್ಸ್‌ಚೇಂಜರಿನ ತಾಮ್ರದ ರೆಕ್ಕೆಗಳ ನಡುವೆ ಮಸಿ ತುಂಬಿ, ಹೊಗೆಯ ದಾರಿ ಕಟ್ಟುತ್ತದೆ. ಮ್ಯಾನೋಮೀಟರನ್ನು ಜೋಡಿಸಿ, ತಯಾರಕರ ಫಲಕದಲ್ಲಿ ಬರೆದಿರುವ ಅಂಕಿಗೆ, ಹೀಟರ್ ಉರಿಯುತ್ತಿರುವಾಗಲೇ ಒತ್ತಡವನ್ನು ಹೊಂದಿಸತಕ್ಕದ್ದು. ನಿಂತಿರುವಾಗ ಸರಿಯಾಗಿ ತೋರುವ ಒತ್ತಡ ಉರಿಯುವಾಗ ಕುಸಿಯುವುದಾದರೆ ರೆಗ್ಯುಲೇಟರ್ ಸಣ್ಣದು, ಇಲ್ಲವೆ ಪೈಪು ಕಿರಿದು. ಜ್ವಾಲೆ ನೀಲಿಯಾಗಿ, ಸ್ಥಿರವಾಗಿ, ಬರ್ನರಿಗೆ ಅಂಟಿಕೊಂಡು ನಿಂತಿರಬೇಕು. ಏಪ್ರಿಲಿನಿಂದ ನವೆಂಬರಿನ ತನಕ ಸುಮ್ಮನೆ ನಿಂತಿದ್ದ ಯಂತ್ರದ ಬರ್ನರ್ ಕೊಳವೆಗಳಲ್ಲಿ ಮರಳಿನ ಹುಡಿ, ಜೇಡನ ಬಲೆ, ಕಡಜದ ಮಣ್ಣಿನ ಗೂಡು ಇವೆಲ್ಲ ಸೇರಿಕೊಂಡಿರುವುದುಂಟು. ಚಳಿಗಾಲದ ಮೊದಲ ಬೆಂಕಿಗೆ ಮುನ್ನ ಬರ್ನರ್ ತಟ್ಟೆಯನ್ನು ಹೊರಗೆಳೆದು ಶುಚಿಮಾಡಿದರೆ ಅರ್ಧಕ್ಕರ್ಧ ದೂರುಗಳು ಹುಟ್ಟುವುದೇ ಇಲ್ಲ.

ನೀರೂ ಯಂತ್ರವನ್ನು ಕೆಡಿಸಬಲ್ಲುದು. ಇಲ್ಲಿಯ ನಲ್ಲಿಯ ನೀರು ಸಮುದ್ರದ್ದನ್ನು ಸಿಹಿಗೊಳಿಸಿದ್ದು. ಸುಣ್ಣದ ಅಂಶ ಕಡಿಮೆಯಿರುವ ನೀರು ತಾಮ್ರವನ್ನು ಕರಗಿಸುತ್ತದೆ, ಬೇಸಿಗೆಯಿಡೀ ಆವಿಯಾಗಿ ಲವಣಗಳು ಸಾಂದ್ರವಾದ ನೀರು ಕೊಳವೆಯೊಳಗೆ ಗಸಿ ಕಟ್ಟುತ್ತದೆ. ಪಿಎಚ್ 7.2ರಿಂದ 7.6ರ ನಡುವೆ ಇರಲಿ. ಕ್ಲೋರಿನ್ ಮಾತ್ರೆಯನ್ನು ಸ್ಕಿಮ್ಮರಿನ ಬುಟ್ಟಿಯಲ್ಲಿ ಹಾಕುವ ಅಭ್ಯಾಸವನ್ನು ಬಿಡಬೇಕು. ಪಂಪು ನಿಂತಾಗ ಮಾತ್ರೆ ಕರಗಿ ಸಂಗ್ರಹವಾದ ಆಮ್ಲನೀರು ಪಂಪು ಓಡಿದೊಡನೆ ನೇರವಾಗಿ ತಾಮ್ರದ ಮೇಲೆ ನುಗ್ಗುತ್ತದೆ. ಕೊಳದ ನೀರಿಗೆ ಹಸಿರುನೀಲಿ ಛಾಯೆ ಬಂದರೆ ಹೀಟರಿನ ಹೊಟ್ಟೆ ಸವೆಯುತ್ತಿದೆಯೆಂದು ಅನುಮಾನಿಸಬೇಕು. ಉರಿಯುವಾಗ ಗಡಗಡನೆ ಸದ್ದು ಬಂದರೆ ಗಸಿ ಕಟ್ಟಿದೆಯೆಂದೋ ನೀರಿನ ಹರಿವು ಸಾಲದೆಂದೋ ಅರ್ಥ. ತಣ್ಣನೆಯ ಕೊಳವನ್ನು ಮೊದಲು ಕಾಯಿಸುವಾಗ ಹೀಟರಿನ ಕೆಳಗೆ ತೊಟ್ಟಿಕ್ಕುವ ನೀರನ್ನು ಕಂಡು ಎಕ್ಸ್‌ಚೇಂಜರ್ ಒಡೆದಿದೆಯೆಂದು ತೀರ್ಮಾನಿಸಬೇಡಿ. ಹೊಗೆಯಲ್ಲಿರುವ ನೀರಾವಿ ತಣ್ಣನೆಯ ತಾಮ್ರದ ಮೇಲೆ ಹನಿಗಟ್ಟಿ ಬೀಳುತ್ತಿರಬಹುದು. ನೀರು ಬೆಚ್ಚಗಾದಂತೆ ನಿಂತರೆ ಅದು ಬೆವರು. ಬೆಂಕಿ ಆರಿಸಿ ಪಂಪನ್ನು ಮಾತ್ರ ಓಡಿಸಿದಾಗಲೂ ತೊಟ್ಟಿಕ್ಕುತ್ತಿದ್ದರೆ ಅದು ಸೋರಿಕೆ. ಇನ್ನು ಟೈಮರಿನ ವಿಷಯ: ಪಂಪು ನಿಲ್ಲುವುದಕ್ಕಿಂತ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಹೀಟರ್ ಆರುವಂತೆ ಇಟ್ಟರೆ, ಕಾದ ತಾಮ್ರ ಹರಿಯುವ ನೀರಿನಲ್ಲಿ ತಣಿಯುತ್ತದೆ. ಸ್ಪಾದ ನೀರನ್ನು 40 ಡಿಗ್ರಿಯಿಂದ ಮೇಲೆ ಏರಿಸಲೇಬಾರದು.

ಕಾರ್ಬನ್ ಮಾನಾಕ್ಸೈಡಿನ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ನಮ್ಮವರು ಅದಕ್ಕೆ ಸಾಕಷ್ಟು ಹೆದರುತ್ತಿಲ್ಲ. ಮಲೆನಾಡಿನ, ಕರಾವಳಿಯ ಬಚ್ಚಲುಮನೆಗಳಲ್ಲಿ ಹಂಡೆಯ ಕೆಳಗೆ ಸೌದೆ ಉರಿಯುತ್ತಿದ್ದಾಗ, ಹೊಗೆ ಹೋಗುವ ದಾರಿ ಕಟ್ಟಿದರೆ ಕಣ್ಣು ಉರಿದು, ಕೆಮ್ಮು ಬಂದು, ಒಳಗಿದ್ದವರು ಬಾಗಿಲು ತೆರೆಯುತ್ತಿದ್ದರು. ಬೆಂಕಿಯೇ ತನ್ನ ಅಪಾಯವನ್ನು ಸಾರಿ ಹೇಳುತ್ತಿತ್ತು. ಅನಿಲದ ಬೆಂಕಿ ಹಾಗೆ ಹೇಳುವುದಿಲ್ಲ. ಅದರಿಂದ ಹುಟ್ಟುವ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯಿಲ್ಲ. ರಕ್ತದ ಹಿಮೋಗ್ಲೋಬಿನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಿಗಿಯಿಂದ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳಲಾಗದ ನಿದ್ರೆ. ಬೆಂಗಳೂರಿನ ಗಾಳಿಯಾಡದ ಸ್ನಾನದ ಮನೆಗಳಲ್ಲಿ ಗ್ಯಾಸ್ ಗೀಸರಿನಿಂದಾದ ಸಾವುಗಳ ವಾರ್ತೆಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. 2023ರ ಜೂನ್ ತಿಂಗಳಿನಲ್ಲಿ ಚಿಕ್ಕಜಾಲದ ಕಡೆ ಒಂದು ತರುಣ ಜೋಡಿ ಹೀಗೆಯೇ ತೀರಿಕೊಂಡಿತು. ಅಮೆರಿಕದ ಟೆನ್ನಿಸ್ ಆಟಗಾರ, 1977ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದ ವಿಟಾಸ್ ಗೆರುಲೈಟಿಸ್, 1994ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್ನಿನಲ್ಲಿ ಸ್ನೇಹಿತರೊಬ್ಬರ ಅತಿಥಿಗೃಹದಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ಆ ಮನೆಯ ಈಜುಕೊಳಕ್ಕೆ ಪ್ರೋಪೇನ್ ಹೀಟರನ್ನು ಸರಿಯಾಗಿ ಕೂಡಿಸಿರಲಿಲ್ಲ. ಅದು ಹೊರಹಾಕಿದ ವಿಷವಾಯು ಹವಾನಿಯಂತ್ರಣದ ದಾರಿಯಿಂದ ಅವನು ಮಲಗಿದ್ದ ಕೋಣೆಗೆ ಬಂದಿತ್ತು. ವಯಸ್ಸು 40. ಆ ಯಂತ್ರ ನೀರನ್ನು ಚೆನ್ನಾಗಿಯೇ ಕಾಯಿಸುತ್ತಿದ್ದಿರಬೇಕು. ಕೊಳದ ನೀರನ್ನು ಮುಟ್ಟಿ ನೋಡಿದವರಿಗೆ ಯಾವ ದೋಷವೂ ತೋರುತ್ತಿರಲಿಲ್ಲ.

ಬನಿಯಾಸಿನ ವಿಲ್ಲಾಗಳಲ್ಲಿ ಪಂಪ್ ರೂಮಿನ ಮಗ್ಗುಲಲ್ಲಿಯೇ ಮನೆಗೆಲಸದವರ, ಚಾಲಕರ ಕೋಣೆಗಳಿರುವುದುಂಟು. ಚಳಿಗಾಲದಲ್ಲಿಯೂ ಅಲ್ಲಿ ಎಸಿಯ ಗಾಳಿ ಆಡುತ್ತಿರುತ್ತದೆ. ಆದುದರಿಂದ ಹೀಟರ್ ದುರಸ್ತಿಗೆ ಹೋದವನು ಬೆಂಕಿ ಹೊತ್ತಿಸಿದ ಮೇಲೆ ಒಂದು ಸುತ್ತು ನಡೆದು, ಹೊಗೆಯ ಬಾಯಿಯ ಸಮೀಪದಲ್ಲಿ ಯಾವ ಕಿಟಕಿ, ಯಾವ ಎಸಿಯ ಗಾಳಿದಾರಿ ಇದೆಯೆಂಬುದನ್ನು ನೋಡಬೇಕು, ಆ ಕೋಣೆಗಳಲ್ಲಿ ಮಾನಾಕ್ಸೈಡ್ ಅಲಾರ್ಮ್ ಹಾಕಿಸುವಂತೆ ಮನೆಯ ಯಜಮಾನನಿಗೆ ಸ್ಪಷ್ಟವಾಗಿ ಹೇಳಬೇಕು, ಒಪ್ಪದಿದ್ದರೆ ರಸೀದಿಯ ಮೇಲೆ ಬರೆದುಕೊಡಬೇಕು. ಗುಂಡಿಯಲ್ಲಿ ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಮೊಬೈಲನ್ನು ಅದರ ಬಳಿ ತೆಗೆಯಬಾರದು. ಹೊರಗೆ ಸಿಲಿಂಡರಿನ ವಾಲ್ವನ್ನು ಮುಚ್ಚಿ, ಮುಚ್ಚಳವನ್ನು ತೆರೆದಿಟ್ಟು, ಮನೆಯವರನ್ನೆಲ್ಲ ದೂರಕ್ಕೆ ಕರೆದೊಯ್ದು, ಅಲ್ಲಿಂದ ಅಗ್ನಿಶಾಮಕದ 997ಕ್ಕೆ ಕರೆಮಾಡಬೇಕು. ಒಳಗೆ ಯಾರಾದರೂ ಕುಸಿದು ಬಿದ್ದಿದ್ದರೂ ಉಸಿರಾಟದ ಉಪಕರಣವಿಲ್ಲದೆ ಅವರ ಹಿಂದೆ ಇಳಿಯಕೂಡದು. ಹಾಗೆ ಇಳಿದವರು ಹಿಂದಿರುಗುವುದಿಲ್ಲ. ಗುಂಡಿಯ ತಳದ ಗಾಳಿಯನ್ನು, ಮೇಲಿನದನ್ನಲ್ಲ, ಅನಿಲಮಾಪಕದಿಂದ ಅಳೆದು ಸರಿಯೆಂದು ಕಂಡ ಮೇಲೆಯೇ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಡತಕ್ಕದ್ದು.